ನಕಾಶೆಯಲ್ಲಿ ಉಳಿದ ಬೇಸಿಗೆ ದಾರಿ

ನಮ್ಮ ಕಡೆ ಅರ್ಧ ಊರು ಊರಿನಲ್ಲಿ ಇರುವುದಿಲ್ಲ, ತೋಟದಲ್ಲಿ ಇರುತ್ತದೆ. ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯಲ್ಲಿ ಬಸ್ಸಿನಿಂದ ಇಳಿದು ಯಾರ ಮನೆಯನ್ನಾದರೂ ಕೇಳಿದರೆ, ‘ಊರಾಗ ಇರ್ತಾರೋ ತೋಟದಾಗ ಇರ್ತಾರೋ’ ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಹೊಲದ ನಡುವೆ ಬಾವಿ, ಬಾವಿಯ ಪಕ್ಕ ಮನೆ, ಮನೆಯ ಹಿಂದೆ ದನದ ಕೊಟ್ಟಿಗೆ, ಅದರಾಚೆ ಆಳುಮಕ್ಕಳ ಪತ್ರಾಸಿನ, ಅಂದರೆ ತಗಡಿನ, ಶೆಡ್ಡು. ಇಂಥ ಒಂದಿಷ್ಟು ಮನೆ ಅಕ್ಕಪಕ್ಕ ಸೇರಿದರೆ ಅದಕ್ಕೊಂದು ಮನೆತನದ ಹೆಸರು, ಆ ಹೆಸರಿನಲ್ಲೇ ಒಂದು ಸರಕಾರಿ ಶಾಲೆ. ತೋಟದ ಶಾಲೆ ಅಂತಲೇ ಕರೆಯುವುದು. ಐದನೇ ಇಯತ್ತೆಯವರೆಗೆ ಮಕ್ಕಳು, ಎರಡು ಕೋಣೆ, ಇಬ್ಬರು ಮಾಸ್ತರರು.

ನಾನು ಕಲಿತದ್ದೂ ಅಂಥದ್ದೇ ಒಂದು ಶಾಲೆಯಲ್ಲಿ, ಐಗಳಿ ಕಡೆ. ಅಪ್ಪ ಒಬ್ಬ ಸಾಹುಕಾರರ ದ್ರಾಕ್ಷಿ ತೋಟದಲ್ಲಿ ವರ್ಷದ ಆಳು. ಅವ್ವನ ತವರು ನಿಪ್ಪಾಣಿ. ತಂಬಾಕಿನ ಹಂಗಾಮು ಬಂತೆಂದರೆ ಅಲ್ಲಿಗೆ ಹೋಗಿ ವಖಾರಿಯಲ್ಲಿ ಎಲೆ ಆರಿಸಿ ಬರುತ್ತಿದ್ದಳು, ಬಂದ ಮೇಲೆ ತಿಂಗಳುಗಟ್ಟಲೆ ಕೆಮ್ಮು. ಶಾಲೆ ತೋಟದ ಬದುವಿಗೇ ಇತ್ತು, ಅದಕ್ಕೇ ನಾನು ಶಾಲೆಗೆ ಹೋದೆ. ಊರೊಳಗೆ ಇದ್ದಿದ್ದರೆ ಅಪ್ಪ ಕಳಿಸುತ್ತಿರಲಿಲ್ಲ. ಕರೆದರೆ ಓಗೊಡುವಷ್ಟು ಹತ್ತಿರ ನಾನು ಇರಬೇಕಿತ್ತು. ಎತ್ತಿಗೆ ನೀರು ಕುಡಿಸಿ ಓಡಿಹೋಗಿ ಮಗ್ಗಿ ಹೇಳಲು ನಿಲ್ಲುತ್ತಿದ್ದೆ. ಮುಂದೆ ಅಥಣಿಯಲ್ಲಿ ಪದವಿ ಮುಗಿಸಿದಾಗ ಬಿ.ಎ. ಅನ್ನುವುದು ನಮ್ಮ ಮನೆತನಕ್ಕೆ ಮೊದಲ ಸಲ ಬಂತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಸಂಕೋಚಪಡುವುದು ಅದನ್ನು ಪುಕ್ಕಟೆ ಪಡೆದವರ ಕೆಲಸ.

ನೌಕರಿ ಸಿಕ್ಕಿ ಕೆಲವು ವರ್ಷಕ್ಕೆ ಮುಗಳಖೋಡದ ಕಡೆಯ ಒಂದು ತೋಟದ ಶಾಲೆಗೆ ಬಂದೆ. ಶಾಲೆಯ ಜಾಗ ಆ ತೋಟದ ಸಾಹುಕಾರರ ಅಜ್ಜ ಬಿಟ್ಟುಕೊಟ್ಟದ್ದು. ಒಂದು ಕಡೆ ಕಾಲುವೆ, ಮೂರು ಕಡೆ ಕಬ್ಬು. ಊರಿನ ದೊಡ್ಡ ಶಾಲೆ ಕಬ್ಬಿನಾಚೆ.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ತರಬೇತಿ ಅಂತ ನಮ್ಮನ್ನೆಲ್ಲ ಕರೆದರು. ಕಲಿಸಲು ಬಂದ ತರುಣ ಪರದೆಯ ಮೇಲೆ ಭೂಮಿಯನ್ನು ಚೆಂಡಿನಂತೆ ತಿರುಗಿಸಿ ಪ್ಯಾರಿಸ್ಸಿನ ಗೋಪುರ ತೋರಿಸಿದ, ನ್ಯೂಯಾರ್ಕಿನ ಬೀದಿಗಳನ್ನು ತೋರಿಸಿದ. ನಾನು ಎದ್ದು, “ಮುಗಳಖೋಡ ತೋರಸ್ರಿ” ಅಂದೆ. ಅವನು ಹುಡುಕಿ ಹುಡುಕಿ ನಿಲ್ಲಿಸಿದಲ್ಲಿ ಹಸಿರು-ಬೂದಿ ಬಣ್ಣದ ಒಂದು ಮಬ್ಬು ಬಿಟ್ಟು ಏನೂ ಇರಲಿಲ್ಲ. ನನ್ನ ಪಕ್ಕ ಕಾಗವಾಡದ ಒಬ್ಬ ಮಾಸ್ತರರು ಕುಳಿತಿದ್ದರು, ಯಾವ ತರಬೇತಿಯಲ್ಲೂ ಸುಮ್ಮನೆ ಕೂಡದವರು. “ಮಳಿ ಬರೂ ಹಂಗ ಕಾಣತೈತಿ, ನಡೀರಿ ಮನಿಗೆ” ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸಾವಿರಾರು ಮೈಲಿ ಆಚೆಯ ಗೋಪುರದ ಕಬ್ಬಿಣದ ಸರಳು ಕಾಣುತ್ತದೆ, ನಾವಿರುವ ನೆಲ ಕಾಣುವುದಿಲ್ಲ ಅಂದರೆ ಏನರ್ಥ?

ಅಲ್ಲಿಂದ ನನಗೆ ಅದರ ಗೀಳು ಹಿಡಿಯಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ರಾಯಬಾಗದ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ಪ್ಲೈವುಡ್ಡಿನ ಗೂಡು, ಕೀಲು ಕಿತ್ತ ಕುರ್ಚಿ, ಚೌಕ ಚೌಕವಾಗಿ ಒಂದೊಂದೇ ತುಂಡು ಇಳಿದು ಬರುವ ಚಿತ್ರ. ನನ್ನ ಅಕ್ಕಪಕ್ಕದ ಗೂಡುಗಳಲ್ಲಿ ಕಾಲೇಜಿನ ಹುಡುಗರು ಏನೇನೋ ನೋಡುತ್ತಿದ್ದರು. ಸೆಂಟರಿನ ಮಾಲಕ, “ಸರ, ನೀವ ಒಬ್ಬರ ನೋಡ್ರಿ ಇಲ್ಲಿ ಬಂದು ಹೊಲಾ ನೋಡಾವ್ರು” ಅನ್ನುತ್ತಿದ್ದ. ಆಮೇಲೆ ಚಿತ್ರಗಳು ತಿಳಿಯಾದವು. ಬೇಸಿಗೆಯಲ್ಲಿ ತೆಗೆದ ಹೊಸ ಚಿತ್ರ ಬಂತು. ಕಾಲುವೆ ಹಗ್ಗ ಬಿಟ್ಟ ಹಾಗೆ ಕಂಡಿತು, ಬಾವಿಗಳು ಕಪ್ಪು ಚುಕ್ಕೆಯಾಗಿ ಕಂಡವು. ನಾನು ಒಂದು ಹಳೆಯ ಲ್ಯಾಪ್‌ಟಾಪು, ಒಂದು ಡಾಂಗಲ್ಲು ತೆಗೆದುಕೊಂಡೆ. ಶಾಲೆಯ ಕಿಟಕಿಯ ಕಟ್ಟೆಯ ಮೇಲಿಟ್ಟರೆ ಮಾತ್ರ ನೆಟ್ ಸಿಗುತ್ತಿತ್ತು. ಹಾಗಾಗಿ ನಮ್ಮ ಭೂಗೋಳದ ಪಾಠ ಕಿಟಕಿಗೆ ಅಂಟಿಕೊಂಡೇ ನಡೆಯಿತು.

ಮಕ್ಕಳು ಮೊದಲ ದಿನ ಹುಡುಕಿದ್ದು ದೇಶವನ್ನಲ್ಲ, ತಮ್ಮ ಬಾವಿಯನ್ನು. ಮೂರನೇ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪ-ಅವ್ವ ಸಾಹುಕಾರರ ತೋಟದಲ್ಲಿ ಆಳುಗಳು, ಇರುವುದು ಅಲ್ಲಿಯದೇ ಶೆಡ್ಡಿನಲ್ಲಿ. ಅವಳು ಪರದೆಗೆ ಮೂಗು ತಾಗಿಸಿ ನೋಡಿ, “ಸರ, ಇದ ನಮ್ಮ ಪತ್ರಾಸ್ರಿ. ಮ್ಯಾಗ ನಮ್ಮವ್ವ ಕೌದಿ ಒಣಗಾಕ ಹಾಕ್ಯಾಳ್ರಿ” ಅಂದಳು. ನೀಲಿ ಚುಕ್ಕೆಯೊಂದು ಇತ್ತು, ಕೌದಿಯೇ ಇದ್ದೀತು. ನಕಾಶೆ ಅಂದರೆ ಏನು ಅಂತ ನಾನು ಅಷ್ಟು ವರ್ಷ ಹಲಗೆಯ ಮೇಲೆ ಬರೆದು ಬರೆದು ಹೇಳಿದ್ದೆ. ಅವಳಿಗೆ ಅದು ಅವತ್ತು ತಿಳಿಯಿತು.

ಅದೇ ಹೊತ್ತಿಗೆ ಆನ್‌ಲೈನ್ ನಕಾಶೆಗೆ ಯಾರು ಬೇಕಾದರೂ ದಾರಿ, ಮನೆ, ಶಾಲೆ ಸೇರಿಸಬಹುದು ಅನ್ನುವ ಸೌಲಭ್ಯ ಬಂತು. ಫೋಟೋದ ಮೇಲೆ ಗೆರೆ ಎಳೆದು ಕಳಿಸಬೇಕು, ಎಲ್ಲೋ ಕುಳಿತ ಯಾರೋ ನೋಡಿ ಒಪ್ಪಬೇಕು, ಆಮೇಲೆ ಜಗತ್ತಿಗೆಲ್ಲ ಕಾಣುತ್ತದೆ. ಆಗ ನಮ್ಮ ಭಾಗದ ನಕಾಶೆ ಬರೀ ಹಾಳೆ. ಒಂದು ಡಾಂಬರು ರಸ್ತೆ, ಒಂದು ಊರಿನ ಹೆಸರು, ಮುಗಿಯಿತು. ನಮ್ಮ ಒಂದೂ ತೋಟ ಇರಲಿಲ್ಲ. ನಾನು ಮಕ್ಕಳನ್ನು ಕೂಡಿಸಿಕೊಂಡು ಅದನ್ನು ತುಂಬಲು ಶುರು ಮಾಡಿದೆ. ಅವರು ಮನೆಯಲ್ಲಿ ಕೇಳಿಕೊಂಡು ಬರುವುದು, ನಾನು ಹಾಕುವುದು. ಯಾವ ತೋಟ ಎಲ್ಲಿ, ಯಾವ ಬದು ಎಲ್ಲಿ ತಿರುಗುತ್ತದೆ, ಹಿಟ್ಟಿನ ಗಿರಣಿ ಎಲ್ಲಿ, ಕಾಲುವೆಯ ಸೇತುವೆ ಎಲ್ಲಿ.

ಹುಡುಗಿಯ ಶೆಡ್ಡಿಗೆ ಚುಕ್ಕೆ ಇಡುವಾಗ ಸಾಹುಕಾರರ ಮೊಮ್ಮಗ ತಕರಾರು ತೆಗೆದ. ಅವನೂ ಆಗ ನಮ್ಮಲ್ಲೇ ಕಲಿಯುತ್ತಿದ್ದ. “ಸರ, ಅದು ಅವರ ಮನಿ ಅಲ್ರಿ. ನಮ್ಮ ತೋಟಾರಿ ಅದು.”

ಹುಡುಗಿ ತಿರುಗಿಯೂ ನೋಡದೆ ಕೇಳಿದಳು: “ಮತ್ತ ರಾತ್ರಿ ಅಲ್ಲಿ ಮಲಗಾಕ ನೀ ಬರ್ತೀಯೇನಲೇ?”

ಮನೆ ಅಂತಲೇ ಹಾಕಿದೆ.

ಗಿರಣಿಯ ದಾರಿ ಹಾಕಿದ್ದು ಏಪ್ರಿಲ್ಲಿನಲ್ಲಿ. ನಮ್ಮ ಶಾಲೆಯ ಹಿಂದಿನಿಂದ ಸಾಹುಕಾರರ ದೊಡ್ಡ ಹೊಲ ಹಾಯ್ದು, ಊರಿನ ಗಿರಣಿಯ ಹತ್ತಿರ, ಅಂದರೆ ದೊಡ್ಡ ಶಾಲೆಯ ಬೆನ್ನಿಗೇ ಹೋಗಿ ಮುಟ್ಟುವ ಕಾಲುದಾರಿ ಅದು. ಕಬ್ಬು ಕಡಿದ ಮೇಲೆ ಎಲ್ಲರೂ ಅಲ್ಲೇ ನಡೆಯುತ್ತಾರೆ, ಫೋಟೋದಲ್ಲೂ ಬಿಳಿಯ ಎಳೆಯಾಗಿ ಚೆನ್ನಾಗಿ ಕಾಣುತ್ತಿತ್ತು. ಕಡಿದ ಕಬ್ಬು ಮತ್ತೆ ಕುಳೆ ಒಡೆದು ಬೆಳೆಯುತ್ತದೆ. ಮಳೆಗಾಲ ಹಿಡಿದರೆ ಎದೆಮಟ್ಟ, ಶ್ರಾವಣ ದಾಟಿದರೆ ಆಳೆತ್ತರ. ಆಮೇಲೆ ದಾರಿ ಅನ್ನುವುದು ಇರುವುದಿಲ್ಲ. ಕಬ್ಬಿನ ಎಲೆ ಮುಖ ಕೊಯ್ಯುತ್ತದೆ, ಹುಳಹುಪ್ಪಟೆ, ಕೂಗಿದರೆ ದನಿ ಹೊರಗೆ ಬರುವುದಿಲ್ಲ. ಹೆಣ್ಣುಮಕ್ಕಳನ್ನಂತೂ ಯಾರೂ ಬಿಡುವುದಿಲ್ಲ, ಯಾಕೆ ಅಂತ ಯಾರೂ ಬಿಡಿಸಿ ಹೇಳುವುದೂ ಇಲ್ಲ. ಮುಂದೆ ಕಾರಖಾನೆಯವರ ಕಬ್ಬು ಕಡಿಯುವ ಟೋಳಿ ಬಂದು ಹೊಲ ಬಯಲಾಗುವವರೆಗೆ ಎಲ್ಲರೂ ಕಾಲುವೆಯ ದಂಡೆ ಹಿಡಿದು, ಸೇತುವೆ ದಾಟಿ, ಡಾಂಬರು ರಸ್ತೆಗೆ ಬಂದು, ಸುತ್ತಿ ಊರಿಗೆ ಹೋಗಬೇಕು. ಇದನ್ನು ನಮ್ಮಲ್ಲಿ ಕೂಸಿಗೂ ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಹೊಲದಲ್ಲಿ ದಾರಿ ಅಂದರೆ ಬೇಸಿಗೆ ದಾರಿ. ಅದಕ್ಕೇ ನಾನಾಗಲಿ ಮಕ್ಕಳಾಗಲಿ ಅದನ್ನು ಬೇರೆ ಬರೆಯಲಿಲ್ಲ. ಬರೆಯಲು ಆ ನಕಾಶೆಯಲ್ಲಿ ಜಾಗವೂ ಇರಲಿಲ್ಲ. ನಾನು ಇದ್ದದ್ದನ್ನು ಎಳೆದೆ. ಇವತ್ತಿಗೂ ಅದರಲ್ಲಿ ನನ್ನ ತಪ್ಪೇನು ಅಂತ ಯಾರಾದರೂ ಹೇಳಿದರೆ ಕೇಳಲು ತಯಾರಿದ್ದೇನೆ.

ಒಪ್ಪಲಾಗಿದೆ ಅಂತ ಮೇಲ್ ಬಂದ ದಿನ ಮಕ್ಕಳಿಗೆ ಪೇಢೆ ಹಂಚಿದೆ.

ಅದಾಗಿ ವರ್ಷ ಕಳೆಯುವುದರೊಳಗೆ ತೋಟದವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಹಳದಿ ವ್ಯಾನು ತೋಟದ ಬಾಗಿಲಿಗೇ ಬರತೊಡಗಿತು. ನಮ್ಮಲ್ಲಿ ಉಳಿದದ್ದು ಆಳುಮಕ್ಕಳ ಮಕ್ಕಳು ಮಾತ್ರ. ಮಕ್ಕಳು ಕಡಿಮೆ, ಹತ್ತಿರದಲ್ಲಿ ನಡೆದು ಹೋಗುವಷ್ಟು ದೂರಕ್ಕೆ ಇನ್ನೊಂದು ಶಾಲೆ ಇದೆ ಅಂದರೆ ಅದರೊಳಗೆ ವಿಲೀನ ಮಾಡುವುದು ಅಂತ ಮೇಲಿನಿಂದ ಮಾತು ಬಂತು. ಮಕ್ಕಳು ಕಡಿಮೆ, ಅದು ಖರೆ. ದೂರದ ವಿಷಯಕ್ಕೆ ನಾನು ಹೆದರಿರಲಿಲ್ಲ. ಸೇತುವೆಯ ಸುತ್ತು ನಮ್ಮನ್ನು ಕಾಯುತ್ತದೆ ಅಂದುಕೊಂಡಿದ್ದೆ.

ಮೇ ತಿಂಗಳ ಬಿಸಿಲಿನಲ್ಲಿ ಒಬ್ಬ ಸಾಹೇಬರು ಪರಿಶೀಲನೆಗೆ ಬಂದರು. ಒಳ್ಳೆಯ ಮಾತಿನ ಮನುಷ್ಯ. ಜೀಪಿನಿಂದ ಇಳಿಯುತ್ತಲೇ ಫೋನು ತೋರಿಸಿ, “ಈ ನಕಾಶೆ ನೀವ ಮಾಡಿದ್ದಂತಲ್ರಿ? ಭಾರಿ ಚಲೋ ಮಾಡೀರಿ. ನಮ್ಮ ಡ್ರೈವರಗ ಯಾರನ್ನೂ ದಾರಿ ಕೇಳೂದ ಬರಲಿಲ್ಲ ನೋಡ್ರಿ” ಅಂದರು. ನನಗೆ ಹಿಗ್ಗೇ ಆಯಿತು. ಆಮೇಲೆ ಅವರು ಅದೇ ಫೋನಿನಲ್ಲಿ ನಮ್ಮ ಶಾಲೆ ಒತ್ತಿದರು, ಊರಿನ ಶಾಲೆ ಒತ್ತಿದರು. ನಡೆದು ಹೋಗುವ ದಾರಿ ಅಂತ ನೀಲಿ ಚುಕ್ಕೆಗಳ ಸಾಲು ಮೂಡಿತು. ನಾನು ಎಳೆದ ಗೆರೆಯ ಮೇಲೆಯೇ ಮೂಡಿತು.

“ಸಾಹೇಬ್ರ, ಆ ದಾರಿ ಕಬ್ಬು ಕಡದ ಮ್ಯಾಲಷ್ಟ ಇರತೈತ್ರಿ. ಮಳಿಗಾಲದಾಗ ಕಾಲುವಿ ಸುತ್ತಿ ಹೋಗಬೇಕಾಕೈತಿ.”

“ಈಗ ಐತಿಲ್ರಿ?”

“ಈಗ ಐತ್ರಿ.”

“ಮತ್ತ? ನಾ ನೋಡೂದು ಈಗಿಂದ.”

ಬೂಟು ಹಾಕಿಕೊಂಡೇ ಹೊಲಕ್ಕೆ ಇಳಿದರು. ಕುಳೆ ಇನ್ನೂ ಮೊಳಕಾಲಿಗೂ ಬಂದಿರಲಿಲ್ಲ. ಫೋನು ನೋಡುತ್ತಾ ನೆಟ್ಟಗೆ ನಡೆದು ಊರಿನ ಶಾಲೆ ಮುಟ್ಟಿ, ಅಲ್ಲಿಯ ಹೆಡ್‌ಮಾಸ್ತರರ ಕೂಡ ಮಾತಾಡಿ, ಅದೇ ದಾರಿಯಿಂದ ವಾಪಸ್ ಬಂದರು. ನಾವು ಮಾಡಿಟ್ಟ ಚಹಾ ಇನ್ನೂ ಬೆಚ್ಚಗಿತ್ತು. ಕುಡಿಯುತ್ತಾ ಅಂದರು: “ಮಾಸ್ತರ, ನಕಾಶೆದಾಗ ದಾರಿ ಐತಿ. ಮ್ಯಾಲಿನ ಫೋಟೋದಾಗ ಐತಿ. ನಾ ನನ್ನ ಕಾಲಿಂದ ನಡದ ಬಂದೆ. ಇನ್ನ ಇಲ್ಲ ಅಂತ ನಾ ಹೆಂಗ ಬರೀಲಿ? ನಿಮ್ಮ ನಕಾಶಾ ಸುಳ್ಳ ಅಂತ ಬರೀಲ್ಯಾ?”

“ಶ್ರಾವಣದಾಗ ಒಮ್ಮಿ ಬಂದ ನೋಡ್ರಿ ಸಾಹೇಬ್ರ.”

“ಶ್ರಾವಣದಾಗ ನಾ ಎಲ್ಲಿರ್ತೀನೋ” ಅಂತ ನಕ್ಕು ಜೀಪು ಹತ್ತಿದರು.

ನನಗೆ ತಕ್ಷಣ ಹೊಳೆದದ್ದು ಒಂದೇ: ಎಳೆದವನು ನಾನು, ಅಳಿಸುವವನೂ ನಾನೇ. ಅವತ್ತೇ ಕಿಟಕಿಯ ಕಟ್ಟೆಗೆ ಲ್ಯಾಪ್‌ಟಾಪ್ ಇಟ್ಟು ಆ ದಾರಿಯನ್ನು ತೆಗೆದು ಕಳಿಸಿದೆ. ಕಾರಣ ಬರೆಯಲು ಒಂದು ಚೌಕ ಇತ್ತು. ನನಗೆ ಬಂದ ಇಂಗ್ಲಿಷಿನಲ್ಲಿ ಬರೆದೆ, ಇದು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಇರುವ ದಾರಿ, ಬೆಳೆ ಬಂದಾಗ ಇರುವುದಿಲ್ಲ ಅಂತ. ಕೆಲವು ದಿನಕ್ಕೆ ಉತ್ತರ ಬಂತು. ನಿರಾಕರಿಸಲಾಗಿದೆ, ಚಿತ್ರದಲ್ಲಿ ದಾರಿ ಸ್ಪಷ್ಟವಾಗಿ ಕಾಣುತ್ತಿದೆ. ಮತ್ತೆ ಕಳಿಸಿದೆ. ಮತ್ತೆ ಅದೇ ಉತ್ತರ, ಈ ಸಲ ಸರಿಯಾದ ಮಾಹಿತಿಯನ್ನು ಅಳಿಸಬಾರದು ಅನ್ನುವ ಬುದ್ಧಿಮಾತು ಬೇರೆ. ಹೇಳಿದವರು ಯಾರು, ಎಲ್ಲಿಯವರು, ಕಬ್ಬಿನ ಬೆಳೆ ಕಣ್ಣಿಂದ ನೋಡಿದ್ದಾರೋ ಇಲ್ಲವೋ. ನಮ್ಮ ಹೊಲದ ಬಗ್ಗೆ ಅವರ ಮಾತು ನಡೆಯುತ್ತದೆ, ಅಲ್ಲೇ ನಿಂತ ನನ್ನ ಮಾತು ನಡೆಯುವುದಿಲ್ಲ. ಗೆರೆ ಎಳೆಯುವವರೆಗೆ ಮಾತ್ರ ನಾನು ಬೇಕಾಗಿದ್ದೆ.

ಉಳಿದದ್ದು ಸಾಹುಕಾರರು. ಹೊಲ ಅವರದು. ನನ್ನ ಹೊಲದಲ್ಲಿ ಸಾರ್ವಜನಿಕ ದಾರಿ ಇಲ್ಲ, ಬೆಳೆ ಇದ್ದಾಗ ಯಾರೂ ಓಡಾಡುವುದಿಲ್ಲ ಅಂತ ಅವರು ಒಂದು ಮಾತು ಹೇಳಿದರೆ ಕಚೇರಿಯವರು ಕೇಳಲೇಬೇಕು. ಯಾವ ಹೊಲದವನು ತನ್ನ ಹೊಲದಲ್ಲಿ ದಾರಿ ಇದೆ ಅಂತ ಒಪ್ಪುತ್ತಾನೆ? ಈ ಧೈರ್ಯದ ಮೇಲೆ ಹೋದೆ. ಅವರು ತೋಟದ ಮನೆಯ ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕಿಕೊಂಡು ಕುಳಿತಿದ್ದರು. ನಕಾಶೆಯ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು.

“ಬರ್ರಿ ಮಾಸ್ತರ. ನಿಮ್ಮಪ್ಪ ಐಗಳ್ಯಾಗ ನಮ್ಮ ಬೀಗರ ತೋಟದಾಗ ನೀರ ತಿರುಗಸ್ತಿದ್ದ. ನೀವ ಕಂಪ್ಯೂಟರಿನ್ಯಾಗ ಕುಂತ ನಮ್ಮ ಹೊಲದಾಗ ದಾರಿ ತಿರುಗಿಸಿದ್ರಿ. ಮನಿ ಕಸಬ ಬಿಟ್ಟಿಲ್ಲ.”

ಅಲ್ಲಿದ್ದ ಇಬ್ಬರು ಆಳುಗಳು ತಲೆ ಕೆಳಗೆ ಹಾಕಿ ನಕ್ಕರು. ನನ್ನ ಅಪ್ಪನ ಹೆಸರು ಹಿಡಿಯಲಿಲ್ಲ ಅವರು, ಆದರೂ ನಾನು ಯಾರು ಅಂತ ಅಲ್ಲಿದ್ದ ಎಲ್ಲರಿಗೂ ಹೇಳಿದಂತಾಯಿತು. ನಾನು ಅದನ್ನು ನುಂಗಿಕೊಂಡು ಬಂದ ಕೆಲಸ ಹೇಳಿದೆ.

“ದಾರಿ ಇಲ್ಲ ಅಂತ ಹೇಳಬೇಕಾ? ಅದ ಹೆಂಗ ಇಲ್ಲಂತೀರಿ, ಮಂದಿ ನಡೀತಾರಲ್ಲ. ನಮ್ಮ ಅಜ್ಜ ಸಾಲಿಗೆ ಜಾಗಾ ಕೊಟ್ಟಾವ. ನಾ ಸರಕಾರದ ಮುಂದ ಸುಳ್ಳ ಹೇಳಲ್ಯಾ?”

“ಹೇಳೂದ ಖರೇ ಅಲ್ರಿ? ಕಬ್ಬಿದ್ದಾಗ ಯಾರ ನಡೀತಾರ್ರಿ ಅಲ್ಲಿ?”

ಅವರು ಉಗುಳಿ ಬಂದು ಕುಳಿತರು. “ಮಾಸ್ತರ, ಸಾಲಿ ಈಗ ಯಾರಿಗೆ ಬೇಕಾಗೇತಿ? ನಮ್ಮ ಹುಡುಗ್ರು ವ್ಯಾನಿನ್ಯಾಗ ಹೋಗ್ತಾವ. ಆ ಎರಡ ಖೋಲಿ ಖಾಲಿ ಆದ್ರ ನಮ್ಮ ಡ್ರಿಪ್ ಪೈಪರ ಇಡಾಕ ಬರ್ತಾವ.”

ಅಜ್ಜ ಕೊಟ್ಟ ಜಾಗ ಸಾಹುಕಾರರಿಗೆ ವಾಪಸ್ ಬೇಕಾಗಿತ್ತು. ಸಾಹೇಬರು ವಿಚಾರಿಸಿದಾಗ ಅವರು ದಾರಿ ಇದೆ ಅಂದರು. ಅದೇ ವಾರ ಆ ದಾರಿಯ ಎರಡೂ ಬಾಯಿಗೆ ಜಾಲಿಯ ಮುಳ್ಳು ಹಚ್ಚಿಸಿದರು. ನಕಾಶೆಯಲ್ಲಿ ಬಂತೆಂದರೆ ನಾಳೆ ಯಾರಾದರೂ ಹಕ್ಕು ಕೇಳಿಯಾರು ಅನ್ನುವ ಅಂಜಿಕೆ. ಕಾಗದಕ್ಕೆ ದಾರಿ ಇತ್ತು, ಕಾಲಿಗೆ ಮುಳ್ಳು. ಅವರ ಅಪ್ಪನ ಕಾಲದಿಂದ ಬೇಸಿಗೆಯಲ್ಲಿ ನಡೆದಿದ್ದ ಹಾದಿ, ಅದನ್ನು ಎಲ್ಲರಿಗೂ ಕಾಣುವಂತೆ ಬರೆದದ್ದಕ್ಕೇ ಮುಚ್ಚಿತು.

ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಮತ್ತೊಂದು ತರಬೇತಿ, ಚಿಕ್ಕೋಡಿಯಲ್ಲೇ. ಪಾಠಕ್ಕೆ ಹೊಸ ತಂತ್ರಜ್ಞಾನ ಬಳಸಿದವರಿಗೆ ಸನ್ಮಾನ ಅಂತ ನನ್ನನ್ನು ವೇದಿಕೆಗೆ ಕರೆದರು. ನನ್ನ ಬೆನ್ನ ಹಿಂದೆ ಗೋಡೆಯ ತುಂಬ ನಮ್ಮ ಮಕ್ಕಳು ಮಾಡಿದ ನಕಾಶೆ. ನಡುವೆ ಗಿರಣಿಯ ದಾರಿ ನಾನೇ ಎಳೆದ ಹಾಗೆ ನೆಟ್ಟಗೆ ಹೊಳೆಯುತ್ತಿತ್ತು. ಮೇ ತಿಂಗಳಲ್ಲಿ ಬಂದಿದ್ದ ಸಾಹೇಬರು ಮುಂದಿನ ಸಾಲಿನಲ್ಲಿ ಕುಳಿತು ಮನಸ್ಸಿನಿಂದ ಚಪ್ಪಾಳೆ ತಟ್ಟುತ್ತಿದ್ದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನಾಲ್ಕು ಮಾತು ಆಡಿರಿ ಅಂದರು.

ನಾನು ಮೈಕು ಹಿಡಿದು ಗೋಡೆಯ ಕಡೆ ತಿರುಗಿ ಹೇಳಿದೆ: “ಈ ಗೆರಿ ನೋಡ್ರಿ. ಈ ದಾರಿ ವರ್ಷದಾಗ ಹೆಚ್ಚಿನ ತಿಂಗಳ ಇರೂದುಲ್ಲ. ಇದರ ಮ್ಯಾಲ ನಮ್ಮ ಸಾಲಿ ಮುಚ್ಚಾಕತ್ತಾರ.” ನಿರೂಪಣೆ ಮಾಡುತ್ತಿದ್ದ ಶಿಕ್ಷಕಿಯವರು ಹತ್ತಿರ ಬಂದು, “ಸರ, ಊಟಕ್ಕ ಹೊತ್ತಾಗೇತ್ರಿ, ಆ ತಂತ್ರಜ್ಞಾನದ ಬಗ್ಗೆ ಅಷ್ಟ ಹೇಳಿ ಮುಗಸ್ರಿ” ಅಂದರು. ನಾನು ಮೈಕು ಅವರ ಕೈಗೆ ಕೊಟ್ಟು ಇಳಿದೆ. ಅದಕ್ಕೂ ಚಪ್ಪಾಳೆ ಬಿತ್ತು.

ಕಾಗವಾಡದ ಮಾಸ್ತರರು ಊಟದ ಸಾಲಿನಲ್ಲಿ ಶಾಲು ಮುಟ್ಟಿ ನೋಡಿದರು. “ಅರಿವಿ ಚಲೋ ಐತಿ. ಥಂಡ್ಯಾಗ ಬರತೈತಿ, ಇಟ್ಕೋರಿ.” ಆಮೇಲೆ ತಗ್ಗಿದ ದನಿಯಲ್ಲಿ ಅಂದರು: “ನೀವು ನಕಾಶಾ ಮಾಡದಿದ್ರೂ ಮುಚ್ಚತಿದ್ರು. ನೀವ ಅವರ ಕೆಲಸ ಹಗರ ಮಾಡಿ ಕೊಟ್ರಿ, ಅಷ್ಟ.” ಸಮಾಧಾನ ಹೇಳುತ್ತಿದ್ದಾರೆ ಅಂತಲೇ ಅವರು ತಿಳಿದಿದ್ದರು.

ಆದೇಶ ಬಂತು. ನಮ್ಮ ಶಾಲೆಯ ಕಪ್ಪು ಹಲಗೆ, ತಟ್ಟೆ-ಲೋಟ, ಉರುಳೆಯಲ್ಲಿದ್ದ ಭಾರತದ ನಕಾಶೆ, ಎಲ್ಲ ಒಂದು ಟ್ರಾಕ್ಟರಿಗೂ ತುಂಬಲಿಲ್ಲ. ನನ್ನನ್ನೂ ಮಕ್ಕಳ ಕೂಡ ಊರಿನ ಶಾಲೆಗೆ ಹಾಕಿದರು. ಮುಳ್ಳು ಸರಿಸಿ ನುಸುಳಿ ಬಂದರೆ ಸಾಹುಕಾರರ ಆಳು ಬೈಯುತ್ತಿದ್ದ, ಹಾಗಾಗಿ ಮಕ್ಕಳು ಮೊದಲ ದಿನದಿಂದಲೇ ಕಾಲುವೆಯ ಸುತ್ತು ಹಿಡಿದರು. ಬರುವ ಹೊತ್ತಿಗೆ ಮೊದಲ ಪಾಠ ಮುಗಿದಿರುತ್ತಿತ್ತು. ಊರಿನ ಶಾಲೆಯವರು ಅವರಿಗೆ ‘ತೋಟದಾವು’ ಅಂತ ಹೆಸರಿಟ್ಟರು. ಕಾಲುವೆಗೆ ನೀರು ಬಿಟ್ಟ ಮೇಲೆ ಸಣ್ಣವರನ್ನು ತಾಯಂದಿರು ದಂಡೆಯ ಮೇಲೆ ಬಿಡಲಿಲ್ಲ. ಒಬ್ಬೊಬ್ಬರೇ ಕಡಿಮೆಯಾದರು. ಆ ಹುಡುಗಿ ಐದನೆಯ ಇಯತ್ತೆಯಲ್ಲಿದ್ದಳು, ಬಿಡದೆ ಬರುತ್ತಿದ್ದಳು. ಜೊತೆಗೆ ಬರುವವರು ಇಲ್ಲವಾದಾಗ ಅವಳೂ ನಿಂತಳು.

ನಾನು ಅವಳ ಶೆಡ್ಡಿಗೆ ಹೋದೆ. ಅವಳ ಅವ್ವ ಹೊರಗೆ ಕುಳಿತು ಎಮ್ಮೆಗೆ ಮೇವು ಕತ್ತರಿಸುತ್ತಿದ್ದಳು. ಹುಡುಗಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಯಾಕವ್ವ, ಹುಡುಗೀನ್ನ ಕಳಸವಲ್ಲಿ?”

“ಎಲ್ಲೆ ಕಳಸ್ಲಿರಿ? ಒಂದ ಕಡೆ ನೀರು, ಒಂದ ಕಡೆ ಕಬ್ಬು.” ಕುಡುಗೋಲು ನಿಲ್ಲಿಸಲಿಲ್ಲ ಅವಳು. “ನಿಮ್ಮ ಕಂಪ್ಯೂಟರಿನ್ಯಾಗ ಚಲೋ ದಾರಿ ಐತಂತಲ್ರಿ ಮಾಸ್ತರ. ಅದರಾಗ ಕರ್ಕೊಂಡ ಹೋಗ್ರಿ.”

“ಅವ್ವಾ, ಸರನ್ನ ಹಂಗ ಅನಬ್ಯಾಡ” ಅಂದಳು ಹುಡುಗಿ.

“ನೀ ಸುಮ್ಮಕಿರ. ನಿನ್ನ ಸರಗ ಅನ್ನೂದ ಬಿಟ್ರ ಮತ್ಯಾರಿಗೆ ಅನ್ಲಿ? ಸಾಹೇಬ ನನಗ ಸಿಗ್ತಾನ? ಸಾವಕಾರಗ ಅನ್ನಾಕ ಬರತೈತಿ?”

ಮರುದಿನದಿಂದ ಅವಳನ್ನೂ ಇನ್ನಿಬ್ಬರನ್ನೂ ನನ್ನ ಮೋಟಾರ್‌ಸೈಕಲ್ ಮೇಲೆ ಒಯ್ಯತೊಡಗಿದೆ. ಟ್ಯಾಂಕಿನ ಮೇಲೆ ಒಬ್ಬ, ಹಿಂದೆ ಇಬ್ಬರು. ರಸ್ತೆಯಲ್ಲಿ ನೋಡಿದವರು, ಮಾಸ್ತರ ಟೆಂಪೋ ತೆಗೆದಾನ ಅಂತ ನಗುತ್ತಿದ್ದರು. ದೀಪಾವಳಿಯವರೆಗೆ ನಡೆಯಿತು. ಅಷ್ಟರಲ್ಲಿ ಊರಿನ ಶಾಲೆಯಲ್ಲಿ ಮಕ್ಕಳ ಲೆಕ್ಕಕ್ಕೆ ಮಾಸ್ತರರು ಜಾಸ್ತಿಯಾದರು ಅಂತ ತೀರ್ಮಾನವಾಗಿ, ಹೆಚ್ಚುವರಿ ಅಂತ ನನ್ನನ್ನು ಶಿರಗುಪ್ಪಿ ಕಡೆ ಹಾಕಿದರು. ನಮ್ಮ ಮಕ್ಕಳು ಬರುತ್ತಾರೆ ಅಂತ ನಮ್ಮನ್ನು ಅಲ್ಲಿಗೆ ಕಳಿಸಿದ್ದು, ಮಕ್ಕಳು ಬರಲಿಲ್ಲ ಅಂತ ಅಲ್ಲಿಂದ ತೆಗೆದದ್ದು. ಯಾರ ಕೂಡ ಜಗಳಾಡಬೇಕು?

ಶಿರಗುಪ್ಪಿಗೆ ಹೋದ ಮೇಲೆ ಒಂದು ದಿನ ಕಚೇರಿಯಿಂದ ಫೋನು ಬಂತು. ಬೇರೆ ಸಾಹೇಬರು, ಅದೇ ಮರ್ಯಾದೆಯ ಮಾತು. “ನೀವು ಮೂಲ ಐಗಳಿ ಕಡೆಯವರಂತಲ್ರಿ? ಅಥಣಿ ಭಾಗದಾಗ ತೋಟದ ಸಾಲಿಗಳ ನಡುವಿನ ಕಾಲದಾರಿ ನಕಾಶೆದಾಗ ಇಲ್ಲ. ನಿಮಗ ಗೊತ್ತಿರ್ತಾವ. ಒಂದೆರಡ ದಿವಸ ಸಾಲಿ ಬಿಟ್ಟ ಈ ಕೆಲಸ ಮಾಡಾಕ ಓಓಡಿ ಕೊಡತೀವಿ, ಹಾಕಿ ಕೊಡ್ರಿ.”

“ನನಗ ಗೊತ್ತಿಲ್ರಿ” ಅಂದೆ.

ಬರಿಗಾಲಲ್ಲಿ ನಡೆಯದ ಒಂದು ಬದುವೂ ಆ ಕಡೆ ನನಗೆ ಉಳಿದಿಲ್ಲ. ಆಮೇಲೆ ನಕಾಶೆಯಲ್ಲಿ ನಾನು ಒಂದು ಗೆರೆಯನ್ನೂ ಹಾಕಲಿಲ್ಲ. ಬೇರೆ ಯಾರೋ ಹಾಕಿದರು, ನಮ್ಮವರೇ, ಉತ್ಸಾಹದ ಹೊಸ ಮಾಸ್ತರರು. ಅವರಿಗೆ ಹೇಳಲು ಹೋದರೆ, ಇವರಿಗೆ ವಯಸ್ಸಾಯಿತು, ಟೆಕ್ನಾಲಜಿ ಅಂದರೆ ಹೆದರಿಕೆ ಅನ್ನುತ್ತಾರೆ. ನಮ್ಮ ಕಡೆ ಮೊದಲು ಅದನ್ನು ಹಿಡಿದವನೇ ನಾನು ಅಂತ ಹೇಳಿಕೊಳ್ಳುವುದಕ್ಕೂ ಬೇಸರ.

ಮೊನ್ನೆ ಮೊನ್ನೆ ಅನ್ನಿಸುತ್ತದೆ, ನಾನು ಮುಗಳಖೋಡದ ಕಡೆ ಬಿಟ್ಟು ಏಳೆಂಟು ವರ್ಷವೇ ಆಗಿತ್ತು. ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು ಎದುರಿಗೆ ಬಂದು ನಿಂತಳು. ಹುಡುಗಿಯ ಅವ್ವ. ಕೂದಲು ಬೆಳ್ಳಗಾಗಿತ್ತು. ಅವಳೇ ಗುರುತು ಹಿಡಿದಳು.

“ಆರಾಮ ಅದೀರಿಲ್ರಿ ಮಾಸ್ತರ?”

“ಆರಾಮ ಅದೀನವ್ವ. ಮಗಳು ಹೆಂಗದಾಳ?”

“ಮದಿವಿ ಮಾಡಿ ಕೊಟ್ವಿರಿ. ಕಾಗವಾಡದ ಕಡೆ. ಒಂದ ಕೂಸ ಐತಿ. ಅಳಿಯ ಟೋಳಿ ಕೂಡ ಕಬ್ಬ ಕಡ್ಯಾಕ ಹೋಗ್ತಾನ, ಆಕೀನೂ ಹೋಗ್ತಾಳ.”

“ಎಷ್ಟನೇತ್ತದ ತನಕ ಕಲತಳು?”

“ಐದನೇತ್ತಾರಿ. ನೀವು ಬಿಟ್ಟ ಹೋದ ಮ್ಯಾಲ ಯಾರ ಒಯ್ತಾರ್ರಿ?” ಸಿಟ್ಟಿರಲಿಲ್ಲ ದನಿಯಲ್ಲಿ. ಮಳೆ ಯಾವಾಗ ಆಯಿತು ಅಂತ ಹೇಳುವ ಹಾಗೆ ಹೇಳಿದಳು. ಆಮೇಲೆ ಮರ್ಯಾದೆಗೆ ತಾನೂ ಕೇಳಿದಳು: “ನಿಮಗೂ ಒಬ್ಬಾಕಿ ಮಗಳಿದ್ಲಲ್ರಿ. ಈಗೇನ ಮಾಡ್ತಾಳ್ರಿ?”

“ಬೆಳಗಾವ್ಯಾಗ ಕಾಲೇಜ ಕಲ್ಯಾಕತ್ತಾಳ.”

“ಚಲೋ ಆತ ನೋಡ್ರಿ. ಹೆಣ್ಣಮಕ್ಕಳ ಕಲೀಬೇಕ್ರಿ” ಅಂದಳು. ಮನಸ್ಸಿನಿಂದಲೇ ಅಂದಳು, ಅದರಲ್ಲಿ ಚುಚ್ಚುವ ಮಾತಿನ ಸುಳಿವೂ ಇರಲಿಲ್ಲ. ಮುಗಳಖೋಡದ ಬಸ್ಸು ಬಂತು. ಚೀಲವನ್ನು ಮೊದಲು ಕಿಟಕಿಯಿಂದ ಸೀಟಿಗೆ ಹಾಕಿ, ಜನರ ನಡುವೆ ನುಗ್ಗಿ ಅವಳು ಹತ್ತಿದಳು.